ಇಳಿಸಿದ ಹೊರೆ ಯಾರ ಹೆಗಲಿಗೆ?

ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿ ಎಸೆಯುವ ಜನರಿದ್ದಾರೆ. ಅಂಗಿಯ ಕೊರಳಲ್ಲಿ ಹೊಲಿದ ಚೀಟಿಯನ್ನು ಬಿಚ್ಚಿ ತೆಗೆಯುವವರು, ಬೆನ್ನುಚೀಲದ ಪಟ್ಟಿಗಳ ನೇತಾಡುವ ತುದಿಯನ್ನು ಗಿಡ್ಡಗೊಳಿಸುವವರು, ನಕಾಶೆಯ ಅಂಚಿನ ಖಾಲಿ ಕಾಗದವನ್ನೂ ಹರಿದು ಹಗುರ ಮಾಡುವವರು ಇದ್ದಾರೆ. ಇವರು ಬಡವರಲ್ಲ, ಜಿಪುಣರೂ ಅಲ್ಲ. ಅಮೆರಿಕದಲ್ಲಿ ಬೆಳೆದು ಈಗ ಬೆಂಗಳೂರಿನ ಮೂಲಕ ಪಶ್ಚಿಮಘಟ್ಟದ ಹಾದಿಗಳಿಗೂ ಬಂದಿರುವ ಅತಿಹಗುರ ಚಾರಣದ ಅನುಯಾಯಿಗಳು. ಹೆಗಲ ಮೇಲಿನ ಪ್ರತಿ ಗ್ರಾಮಿಗೂ ಲೆಕ್ಕವಿರಬೇಕು ಎಂಬುದು ಈ ಪಂಥದ ಮೂಲಮಂತ್ರ.

ಮಂತ್ರ ತಪ್ಪೇನಲ್ಲ. ಬೆಟ್ಟಕ್ಕೆ ಬರುವವನು ಕಡಿಮೆ ಹೊತ್ತು ಬಂದರೆ ಬೆಟ್ಟಕ್ಕೂ ಒಳ್ಳೆಯದು. ಪ್ರಶ್ನೆ ಇರುವುದು ಲೆಕ್ಕದಲ್ಲಿ. ಇಂಥ ಚಾರಣಿಗರಿಗಾಗಿ ತಯಾರಾದ ಅರ್ಧ ಕಿಲೋ ತೂಕದ ಬೆನ್ನುಚೀಲಗಳನ್ನು ಪರೀಕ್ಷಿಸಿ ಅಂಕ ಕೊಡುವ ಒಂದು ವಿದ್ಯೆಯೇ ಇಂದು ಬೆಳೆದು ನಿಂತಿದೆ. ಚೀಲ ಎಷ್ಟು ತೂಗುತ್ತದೆ, ಎಷ್ಟು ಲೀಟರ್ ಹಿಡಿಯುತ್ತದೆ, ಎಷ್ಟು ನೀರು ತಡೆಯುತ್ತದೆ ಎಂದು ದಶಾಂಶದ ತನಕ ಅಳೆಯುವ ಈ ವಿದ್ಯೆ, ಚೀಲದಿಂದ ಇಳಿಸಿದ ಭಾರ ಎಲ್ಲಿ ಹೋಯಿತು ಎಂದು ಒಮ್ಮೆಯೂ ಕೇಳುವುದಿಲ್ಲ. ಭಾರವೆಂಬುದು ಇಬ್ಬನಿಯಂತೆ ಆವಿಯಾಗುವ ವಸ್ತುವಲ್ಲ. ಒಬ್ಬನ ಹೆಗಲಿಂದ ಇಳಿದದ್ದು ಬಹುಪಾಲು ಇನ್ನೊಬ್ಬನ ಹೆಗಲಿಗೆ ಏರಿರುತ್ತದೆ. ಆ ಇನ್ನೊಬ್ಬ ಅನೇಕ ವೇಳೆ ಬೆಟ್ಟದ ನಿವಾಸಿ; ಕೆಲವೊಮ್ಮೆ ಬೆಟ್ಟವೇ.

ತಕ್ಕಡಿ ತೂಗುವುದೇನನ್ನು?

ಪರೀಕ್ಷೆಯ ಕ್ರಮವನ್ನು ಮೊದಲು ತಿಳಿಯಬೇಕು. ಬಟ್ಟೆಯ ನೂಲಿನ ದಪ್ಪವನ್ನು ‘ಡೆನಿಯರ್’ ಎಂಬ ಮಾನದಿಂದ ಹೇಳುತ್ತಾರೆ. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಅದರ ಡೆನಿಯರ್. ಶಾಲಾ ಮಕ್ಕಳ ಸಾಮಾನ್ಯ ಚೀಲದ ಪಾಲಿಯೆಸ್ಟರ್ ಬಟ್ಟೆ ಬಹುತೇಕ 600 ಡೆನಿಯರ್‌ನದು. ಅತಿಹಗುರ ಚೀಲದ ನೈಲಾನ್ ಬಟ್ಟೆ 100 ಡೆನಿಯರ್‌ನ ಆಸುಪಾಸಿನದು, ಕೆಲವೊಮ್ಮೆ ಅದಕ್ಕೂ ತೆಳು. ಚೀಲದ ಒಳಗಾತ್ರವನ್ನು ಅಳೆಯಲು 20 ಮಿಲಿಮೀಟರ್ ವ್ಯಾಸದ ಪ್ಲಾಸ್ಟಿಕ್ ಗೋಲಿಗಳನ್ನು ಅದರೊಳಗೆ ಸುರಿದು, ಆ ಗೋಲಿಗಳನ್ನು ಅಳತೆಯ ಪಾತ್ರೆಗೆ ಹೊಯ್ದು ಲೀಟರ್ ಎಣಿಸುವ ಅಮೆರಿಕದ ಮಾನಕವೊಂದಿದೆ. ಬಟ್ಟೆಯ ಮೇಲೆ ನೀರಿನ ಕಂಬವನ್ನು ನಿಲ್ಲಿಸಿ, ಎಷ್ಟು ಮಿಲಿಮೀಟರ್ ಎತ್ತರಕ್ಕೆ ನೀರು ಜಿನುಗುತ್ತದೆಂದು ನೋಡಿ ಜಲನಿರೋಧಕ ಶಕ್ತಿಯನ್ನು ಹೇಳುತ್ತಾರೆ. ಉಜ್ಜುವ ಯಂತ್ರಕ್ಕೆ ಕೊಟ್ಟು ಸವೆತವನ್ನು ಅಳೆಯುತ್ತಾರೆ.

ಈ ಅಳತೆಗಳ ಮೇಲೆ ನಿಂತಿರುವುದು ‘ಮೂಲತೂಕ’ ಎಂಬ ಪರಿಕಲ್ಪನೆ. ಆಹಾರ, ನೀರು, ಇಂಧನಗಳನ್ನು ಬಿಟ್ಟು ಚೀಲದಲ್ಲಿರುವ ಉಳಿದೆಲ್ಲದರ ತೂಕ ಅದು. ಮೂಲತೂಕ ಹತ್ತು ಪೌಂಡಿಗಿಂತ, ಅಂದರೆ ಸುಮಾರು ನಾಲ್ಕೂವರೆ ಕಿಲೋಗಿಂತ ಕಡಿಮೆಯಿದ್ದರೆ ಅದು ಅತಿಹಗುರ. ವ್ಯಾಖ್ಯಾನದಲ್ಲಿಯೇ ಒಂದು ಜಾಣತನ ಅಡಗಿದೆ. ಹಾದಿಯಲ್ಲಿ ಮುಗಿದುಹೋಗುವ ಆಹಾರ, ಇಂಧನಗಳನ್ನು ಲೆಕ್ಕದಿಂದ ಹೊರಗಿಟ್ಟಾಗ ಅವನ್ನು ಸುತ್ತಿಕೊಂಡು ಬಂದ ಪೊಟ್ಟಣ, ಡಬ್ಬಿಗಳೂ ಲೆಕ್ಕದಿಂದ ಹೊರಗಾಗುತ್ತವೆ. ಬೆಟ್ಟದಲ್ಲಿ ಉಳಿಯುವ ಸಾಧ್ಯತೆ ಯಾವುದಕ್ಕೆ ಹೆಚ್ಚೋ ಅದೇ ತಕ್ಕಡಿಗೆ ಏರುವುದಿಲ್ಲ.

ಈ ನಾಲ್ಕೂವರೆ ಕಿಲೋ ಎಷ್ಟೆಂಬುದು ಮಲೆನಾಡಿನ ವಿದ್ಯಾರ್ಥಿಗಳಿಗೆ ಬೇಗ ಅರ್ಥವಾಗುತ್ತದೆ. 2019ರಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿದ ಸುತ್ತೋಲೆಯಂತೆ 9 ಮತ್ತು 10ನೆಯ ತರಗತಿಯ ಮಕ್ಕಳ ಪುಸ್ತಕದ ಚೀಲ ನಾಲ್ಕರಿಂದ ಐದು ಕಿಲೋ ಇರಬಹುದು. ಗದ್ದೆಯ ಅಂಚು, ಸಂಕ, ಗುಡ್ಡದ ಏರು ದಾಟಿ ಬಸ್ಸಿನ ರಸ್ತೆಗೆ ಬರುವ ಹುಡುಗಿ ಮಳೆಗಾಲದ ಮುಂಜಾನೆ ಹೊರುವ ಭಾರವೂ, ಸಾವಿರಾರು ಡಾಲರ್ ಖರ್ಚು ಮಾಡಿ ಚಾರಣಿಗ ಸಾಧಿಸಿದ ಭಾರವೂ ಒಂದೇ. ಹುಡುಗಿಯ ಚೀಲವನ್ನು ಬೆಟ್ಟದ ಮಳೆಯಲ್ಲಿ ಪರೀಕ್ಷಿಸಿ ಅಂಕ ಕೊಟ್ಟವರು ಯಾರೂ ಇಲ್ಲ.

ಬಿಡುವುದರಿಂದ ಕೊಳ್ಳುವುದಕ್ಕೆ

ಹಗುರವಾಗಿ ನಡೆಯುವುದು ಮಾರುಕಟ್ಟೆ ಹುಟ್ಟಿಸಿದ ವಿಚಾರವಲ್ಲ. 1955ರಲ್ಲಿ ಅಮೆರಿಕದ ಒಹಾಯೋ ರಾಜ್ಯದ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಮಹಿಳೆ, ಹನ್ನೊಂದು ಮಕ್ಕಳ ತಾಯಿ, ಮೂರು ಸಾವಿರ ಕಿಲೋಮೀಟರಿಗೂ ಉದ್ದದ ಅಪಲೇಚಿಯನ್ ಹಾದಿಯನ್ನು ಒಬ್ಬಳೇ ಒಂದೇ ಋತುವಿನಲ್ಲಿ ನಡೆದು ಮುಗಿಸಿದಳು. ಆಕೆಯ ಹೆಗಲಲ್ಲಿದ್ದದ್ದು ಮನೆಯಲ್ಲಿ ತಾನೇ ಹೊಲಿದ ಒರಟು ಬಟ್ಟೆಯ ಒಂದು ಜೋಳಿಗೆ. ಕಾಲಿಗೆ ಕ್ಯಾನ್‌ವಾಸ್ ಶೂ, ಹೊದೆಯಲು ಒಂದು ಕಂಬಳಿ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಗುಡಾರವಿಲ್ಲ, ನಿದ್ರಾಚೀಲವಿಲ್ಲ. ಆಕೆ ಹಗುರವಾದದ್ದು ಬೇಡದ್ದನ್ನು ಮನೆಯಲ್ಲೇ ಬಿಟ್ಟದ್ದರಿಂದ.

ಮುಂದೆ ರೇ ಜಾರ್ಡೈನ್ ಎಂಬ ಎಂಜಿನಿಯರ್, ಬಂಡೆ ಹತ್ತುವುದರಲ್ಲಿ ನಿಷ್ಣಾತ, ಮೆಕ್ಸಿಕೋ ಗಡಿಯಿಂದ ಕೆನಡಾದವರೆಗಿನ ಸುಮಾರು 4,260 ಕಿಲೋಮೀಟರಿನ ಪೆಸಿಫಿಕ್ ಕ್ರೆಸ್ಟ್ ಹಾದಿಯನ್ನು ಹೆಂಡತಿಯೊಡನೆ ನಡೆದು, 1992ರಲ್ಲಿ ತನ್ನ ಕ್ರಮವನ್ನು ಪುಸ್ತಕವಾಗಿ ಬರೆದನು. ಚೀಲ, ಹೊದಿಕೆ, ಮಾಡು ಎಲ್ಲವನ್ನೂ ಮನೆಯಲ್ಲಿ ಹೊಲಿದುಕೊಳ್ಳಿ, ಅಂಗಡಿಯ ಭಾರವಾದ ಸರಕು ಬೇಡ ಎಂಬುದೇ ಆ ಉಪದೇಶದ ಜೀವಾಳ. ಅದು ಒಂದು ಬಗೆಯ ಸ್ವದೇಶಿ. ಆದರೆ 1998ರಲ್ಲಿ ಆತನ ವಿನ್ಯಾಸಗಳನ್ನೇ ಪಡೆದು ಮಾರುವ ಕಂಪನಿಯೊಂದು ಹುಟ್ಟಿತು. ಅದರ ಬೆನ್ನಿಗೆ ಹತ್ತಾರು ಹುಟ್ಟಿದವು. 1992ರ ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯಕ್ಕೆ ಹಾಯಿಗಾಗಿ ರೂಪುಗೊಂಡ ಅತ್ಯಂತ ಹಗುರ ಬಟ್ಟೆ ಮುಂದೆ ಬೆನ್ನುಚೀಲಕ್ಕೂ ಬಂದಿತು. ಇಂದು ಡೈನೀಮಾ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿರುವುದು ಅದೇ.

ಹೀಗೆ ‘ಬಿಡು’ ಎಂಬ ಮಾತು ‘ಕೊಳ್ಳು’ ಎಂಬ ಮಾತಾಗಿ ಬದಲಾಯಿತು. ಒಂದೂವರೆ ಕಿಲೋದ ಗಟ್ಟಿ ಚೀಲ ಮನೆಯಲ್ಲಿರುವಾಗಲೇ ಎಂಟುನೂರು ಗ್ರಾಮಿನದು ಬೇಕು, ಅದು ಬಂದ ಮೇಲೆ ಐನೂರು ಗ್ರಾಮಿನದು ಬೇಕು. ಪ್ರತಿ ಹೊಸ ಪರೀಕ್ಷೆಯ ವರದಿಯೂ ಹಿಂದಿನ ವರ್ಷದ ಚೀಲವನ್ನು ಭಾರವೆಂದು ಸಾರುತ್ತದೆ. ಅಟ್ಟದ ಮೇಲೆ ಕೂತ ಮೂರು ಹಳೆಯ ಚೀಲಗಳ ತೂಕವನ್ನು ಯಾವ ಚಾರಣಿಗನೂ ತನ್ನ ಮೂಲತೂಕಕ್ಕೆ ಸೇರಿಸುವುದಿಲ್ಲ. ಡೈನೀಮಾ ಬಟ್ಟೆಯ ಒಂದು ಚೀಲಕ್ಕೆ ಮುನ್ನೂರು ಡಾಲರಿಗೂ ಮೀರಿದ ಬೆಲೆಯುಂಟು. ಅದನ್ನು ಮೂವತ್ತು ಸಾವಿರ ರೂಪಾಯಿ ಎಂದು ಹಿಡಿದರೆ, 2025-26ರ ಸಾಲಿಗೆ ಕರ್ನಾಟಕದಲ್ಲಿ ನಿಗದಿಯಾದ 370 ರೂಪಾಯಿಯ ಉದ್ಯೋಗ ಖಾತರಿ ದಿನಗೂಲಿಯಂತೆ ಎಂಬತ್ತೊಂದು ದಿನಗಳ ದುಡಿಮೆ. ತ್ಯಾಗದ ಹೆಸರಿನ ಈ ಹಗುರತನವನ್ನು ಕೊಳ್ಳಲು ಮೊದಲು ಸಿರಿವಂತನಾಗಿರಬೇಕು.

ಇದೇ ಡೈನೀಮಾ ರಾಸಾಯನಿಕವಾಗಿ ಪಾಲಿಎಥಿಲೀನ್. ಹಾಲಿನ ಪ್ಯಾಕೆಟ್ಟಿನ ದೊಡ್ಡಪ್ಪನ ಮಗ! ಅಣುಸರಪಳಿ ಮಾತ್ರ ಅತಿ ಉದ್ದ. ಆದ್ದರಿಂದಲೇ ಉಕ್ಕನ್ನೂ ನಾಚಿಸುವ ಬಲ. ಆ ಬಲವೇ ಮಣ್ಣಿಗೆ ಬಿದ್ದಾಗ ಶಾಪ. ಹರಿದ ಮೇಲೂ ಅದು ಕೊಳೆಯುವುದಿಲ್ಲ.

ಒಣನಾಡಿನ ಚೀಲ, ಮಳೆನಾಡಿನ ಹಾದಿ

ಈ ಚೀಲಗಳ ಕೀರ್ತಿ ಬೆಳೆದದ್ದು ಎಲ್ಲಿ? ಪೆಸಿಫಿಕ್ ಕ್ರೆಸ್ಟ್ ಹಾದಿಯ ಬಹುಭಾಗ ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಬೇಸಿಗೆಯೆಂದರೆ ತಿಂಗಳುಗಟ್ಟಲೆ ಒಣ ಆಕಾಶ. ಕಡಿದು ಹದಗೊಳಿಸಿದ ಹಾದಿ. ಬಟ್ಟೆಗೆ ತಾಗುವ ಮುಳ್ಳು ಕಡಿಮೆ. ಅಲ್ಲಿ ಐದು ಅಂಕಕ್ಕೆ ಐದು ಪಡೆದ ಚೀಲವನ್ನು ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಸುತ್ತಿನ ಕಾಡಿಗೆ ಅದೇ ಅಂಕದೊಡನೆ ಮಾರುವುದು ಯಾವ ನ್ಯಾಯ?

ಮಲೆನಾಡಿನ ಮಳೆ ಪ್ರಯೋಗಾಲಯದ ನೀರಿನ ಕಂಬದಂತೆ ನೇರ ನಿಲ್ಲುವುದಿಲ್ಲ. ಅದು ಅಡ್ಡ ಬೀಸುತ್ತದೆ, ಬೆನ್ನಿಗೂ ಚೀಲಕ್ಕೂ ನಡುವೆ ಹರಿಯುತ್ತದೆ, ಹೊಲಿಗೆಯ ತೂತುಗಳಲ್ಲಿ ಇಳಿಯುತ್ತದೆ. ಹೆಗಲಪಟ್ಟಿಯ ಸ್ಪಂಜು, ಬೆನ್ನಿನ ಜಾಲರಿ ನೀರು ಕುಡಿದು ಭಾರವಾಗುತ್ತವೆ. ಒಣಗಿದ ಚೀಲದ ತೂಕವನ್ನು ಮಾತ್ರ ಘೋಷಿಸುವ ವರದಿ ಆಷಾಢದಲ್ಲಿ ಸುಳ್ಳಾಗುತ್ತದೆ. ಬೆತ್ತದ ಕೊಕ್ಕೆಮುಳ್ಳು, ಲಂಟಾನದ ಪೊದೆ, ಕಲ್ಲಿನ ಮೇಲೆ ಕೂತು ಜಾರಿ ಇಳಿಯುವ ಅನಿವಾರ್ಯತೆ ತೆಳು ಬಟ್ಟೆಯ ಆಯುಸ್ಸನ್ನು ಸಾಕಷ್ಟು ಕಡಿಮೆ ಮಾಡುತ್ತವೆ.

ಇನ್ನೂ ಒಂದು ಶತ್ರುವಿದೆ. ಅನೇಕ ನೈಲಾನ್ ಚೀಲಗಳ ಒಳಮೈಗೆ ನೀರು ತಡೆಯಲು ಪಾಲಿಯುರಿಥೇನ್ ಲೇಪನ ಬಳಿದಿರುತ್ತಾರೆ. ಶಾಖ ಮತ್ತು ತೇವ ಎರಡೂ ಸೇರಿದಲ್ಲಿ ನೀರಿನ ಅಣುಗಳೇ ಈ ಲೇಪನವನ್ನು ಒಡೆಯುತ್ತವೆ. ಮೊದಲು ಅಂಟಂಟಾಗಿ, ಬಳಿಕ ಹಾವಿನ ಪೊರೆಯಂತೆ ಸುಲಿದು ಬೀಳುತ್ತದೆ. ಚೀಲವನ್ನು ಬಳಸದೆ ಕಪಾಟಿನಲ್ಲಿಟ್ಟರೂ ಈ ಕ್ಷಯ ನಿಲ್ಲುವುದಿಲ್ಲ. ಗೋಡೆಯೇ ಬೆವರುವ, ಚರ್ಮದ ಚಪ್ಪಲಿಗೆ ಬೂಸ್ಟು ಹಿಡಿಯುವ ನಾಡಿನಲ್ಲಿ ಇದು ಎಷ್ಟು ಬೇಗ ನಡೆಯುತ್ತದೆಂದು ಊಹಿಸಬಹುದು. ಡೈನೀಮಾದ ಪದರಬಟ್ಟೆಗೆ ಈ ರೋಗವಿಲ್ಲ, ಅದಕ್ಕೆ ಬೇರೆಯದಿದೆ. ಮಡಿಕೆ, ಉಜ್ಜಾಟಗಳಿಂದ ಸೂಜಿತೂತು ಬಿದ್ದು ಪದರಗಳು ಬಿಟ್ಟುಕೊಳ್ಳುತ್ತವೆ.

ಆದುದರಿಂದ ಕೇಳಬೇಕಾದ ತೂಕ ಚೀಲದ್ದಲ್ಲ, ಆಯುಸ್ಸಿನದು. ಉದಾಹರಣೆಗೆ ಒಂದು ಲೆಕ್ಕ: 500 ಗ್ರಾಮಿನ ಚೀಲ ಎರಡು ಮಳೆಗಾಲ ಬಾಳಿದರೆ ಅದು ವರ್ಷಕ್ಕೆ 250 ಗ್ರಾಂ ಕಸ. 1,800 ಗ್ರಾಮಿನ ಗಟ್ಟಿ ಚೀಲ ಹೊಲಿಗೆ, ತೇಪೆ ಹಾಕಿಸಿಕೊಂಡು ಹದಿನೈದು ವರ್ಷ ಬಾಳಿದರೆ ಅದು ವರ್ಷಕ್ಕೆ 120 ಗ್ರಾಂ ಕಸ. ಬೆನ್ನಿಗೆ ಭಾರವಾದದ್ದು ಭೂಮಿಗೆ ಹಗುರ. ಎರಡು ವಾರಾಂತ್ಯ ನಡೆದು ಬಂದು ತೀರ್ಪು ಬರೆಯುವ ಪರೀಕ್ಷಕನಿಗೆ ಈ ಸತ್ಯ ಕಾಣುವಂತೆಯೇ ಇಲ್ಲ. ಏಕೆಂದರೆ ಚೀಲ ಹರಿಯುವ ಹೊತ್ತಿಗೆ ಆತ ಮತ್ತೊಂದನ್ನು ಪರೀಕ್ಷಿಸುತ್ತಿರುತ್ತಾನೆ.

ನೀರು ಜಾರಿಸುವ ವಿಷ

ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುವುದನ್ನು ಮಲೆನಾಡಿನ ಮಗು ಕಲಿಯದೆ ಬಲ್ಲದು. ಚಾರಣದ ಬಟ್ಟೆ, ಚೀಲಗಳ ಮೇಲೂ ನೀರು ಹಾಗೆಯೇ ಉರುಳಬೇಕೆಂದು ಕಾರ್ಖಾನೆಗಳು ದಶಕಗಳ ಕಾಲ ಬಳಸಿದ್ದು ಫ್ಲೋರಿನ್ ಸೇರಿದ ಇಂಗಾಲ ಸಂಯುಕ್ತಗಳನ್ನು. ಇಂಗಾಲ ಮತ್ತು ಫ್ಲೋರಿನ್‌ಗಳ ಬಂಧ ನಿಸರ್ಗದಲ್ಲಿ ಸುಲಭವಾಗಿ ಮುರಿಯುವುದಿಲ್ಲ. ಆದ್ದರಿಂದ ಇವುಗಳಿಗೆ ‘ಚಿರಂಜೀವಿ ರಾಸಾಯನಿಕ’ಗಳೆಂಬ ಹೆಸರು ಬಂದಿದೆ. 2015ರಲ್ಲಿ ಗ್ರೀನ್‌ಪೀಸ್ ಸಂಸ್ಥೆ ಮೂರು ಖಂಡಗಳ ಎಂಟು ದುರ್ಗಮ ಪರ್ವತ ಪ್ರದೇಶಗಳಿಗೆ ತಂಡಗಳನ್ನು ಕಳುಹಿಸಿ ಹಿಮ, ಸರೋವರದ ನೀರನ್ನು ಪರೀಕ್ಷಿಸಿದಾಗ ಎಂಟೂ ಕಡೆಯ ಹಿಮದಲ್ಲಿ ಇವುಗಳ ಕುರುಹು ಸಿಕ್ಕಿತು. ಮರುವರ್ಷ ಅದೇ ಸಂಸ್ಥೆ ಜಾಕೆಟ್, ಶೂ, ಬೆನ್ನುಚೀಲ ಮುಂತಾದ ನಲವತ್ತು ಸರಕುಗಳನ್ನು ಪರೀಕ್ಷಿಸಿತು. ಈ ರಾಸಾಯನಿಕ ಪತ್ತೆಯಾಗದ ಸರಕು ನಾಲ್ಕೇ.

ಬೆಟ್ಟದ ಮೇಲಿನ ಪ್ರೀತಿಯನ್ನೇ ಮಾರಾಟದ ಮಾತಾಗಿಸಿಕೊಂಡ ಉದ್ಯಮ, ಬೆಟ್ಟದ ಹಿಮಕ್ಕೂ ಸೇರುವ ಇಂಥ ವಸ್ತುವನ್ನು ಹೊದಿಸಿ ಚಾರಣಿಗರನ್ನು ಮೇಲೆ ಕಳುಹಿಸುತ್ತಿತ್ತು. ಇವುಗಳಲ್ಲಿ ಕುಖ್ಯಾತವಾದ ಪಿಎಫ್ಓಎ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷಿದ್ಧ ವಸ್ತುಗಳ ಪಟ್ಟಿಗೆ ಸೇರಿತು. ಕ್ಯಾಲಿಫೋರ್ನಿಯಾ ರಾಜ್ಯ 2022ರಲ್ಲಿ ಕಾನೂನು ಮಾಡಿ, 2025ರ ಜನವರಿ 1ರಿಂದ ಬೆನ್ನುಚೀಲವೂ ಸೇರಿದಂತೆ ಬಟ್ಟೆಯ ಸರಕುಗಳಲ್ಲಿ ಇಡೀ ಫ್ಲೋರಿನ್ ಗುಂಪನ್ನು ನಿಷೇಧಿಸಿತು. ಅನೇಕ ತಯಾರಕರು ಬದಲಾಗಿದ್ದಾರೆ ನಿಜ. ಕಾನೂನಿನ ಕೋಲು ಕಂಡ ಮೇಲೆ ಬದಲಾದರು. ಪರೀಕ್ಷಾ ವರದಿಗಳ ಅಂಕಕ್ಕೆ ಹೆದರಿ ಅಲ್ಲ.

ನೂಲಿನ ಎಳೆಗಳ ಕಥೆಯೂ ಇದೇ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಎವರೆಸ್ಟಿನ 8,440 ಮೀಟರ್ ಎತ್ತರದ ಹಿಮದಲ್ಲೂ ಸೂಕ್ಷ್ಮ ಪ್ಲಾಸ್ಟಿಕ್ ಎಳೆಗಳನ್ನು ಕಂಡಿತು. ಅವುಗಳಲ್ಲಿ ಬಹುಪಾಲು ಪಾಲಿಯೆಸ್ಟರ್. ಅತಿ ಹೆಚ್ಚು ಸಿಕ್ಕಿದ್ದು ಚಾರಣಿಗರು ತಂಗುವ ತಳಶಿಬಿರದಲ್ಲಿ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲದ ಬೆಟ್ಟಗಳನ್ನು ಕಬ್ಬಿಣದ ಅದಿರಿನ ಗಣಿಯಿಂದ ಬಿಡಿಸಿಕೊಳ್ಳಲು ಕುದುರೆಮುಖದ ಜನ ವರ್ಷಗಟ್ಟಲೆ ಹೋರಾಡಿದರು. 2005ರ ಕೊನೆಗೆ ಗಣಿ ನಿಂತಿತು. ಹೊಳೆಗೆ ಇಳಿಯುತ್ತಿದ್ದ ಕೆಂಪು ಹೂಳು ಕಣ್ಣಿಗೆ ಕಾಣುತ್ತಿತ್ತು. ಈ ಎಳೆ, ಈ ರಾಸಾಯನಿಕ ಕಾಣುವುದಿಲ್ಲ. ಕಾಣದ್ದಕ್ಕೆ ಹೋರಾಟ ಕಟ್ಟುವುದು ಕಷ್ಟ. ಹಾಗೆಂದು ಸುಮ್ಮನಿರಲು ಸಾಧ್ಯವಿಲ್ಲ.

ಹೆಗಲಿಂದ ಹೆಗಲಿಗೆ

ಭಾರ ವರ್ಗವಾಗುವುದನ್ನು ಕಣ್ಣಾರೆ ಕಾಣಬೇಕಾದರೆ ಹಿಮಾಲಯದ ಹಾದಿಗೆ ಹೋಗಬೇಕು. ಅಲ್ಲಿ ಪ್ರವಾಸಿಯ ಬೆನ್ನಲ್ಲಿ ನೀರು, ಕ್ಯಾಮೆರಾ, ಒಂದು ಸ್ವೆಟರ್ ಹಿಡಿಯುವ ಪುಟ್ಟ ಚೀಲ. ಗುಡಾರ, ಹಾಸಿಗೆ, ಅಡುಗೆಯ ಪಾತ್ರೆ ಹೊರೆಯಾಳಿನ ಮೇಲೆ, ಇಲ್ಲವೇ ಹೇಸರಗತ್ತೆಯ ಮೇಲೆ. 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಂತೆ ನೇಪಾಳದಲ್ಲಿ ನಾಮ್ಚೆ ಬಜಾರಿಗೆ ಸರಕು ಹೊರುವ ಗಂಡಸರು ಸರಾಸರಿ ತಮ್ಮ ದೇಹತೂಕದ ಶೇಕಡ 93ರಷ್ಟನ್ನೂ ಹೆಂಗಸರು ಶೇಕಡ 66ರಷ್ಟನ್ನೂ ಬುಟ್ಟಿಯಲ್ಲಿಟ್ಟು, ಹಣೆಪಟ್ಟಿಯಿಂದ ತೂಗಿ ಹೊರುತ್ತಾರೆ. ಐವರಲ್ಲಿ ಒಬ್ಬ ಗಂಡಸು ತನ್ನ ತೂಕಕ್ಕಿಂತ ಕಾಲುಭಾಗ ಹೆಚ್ಚೇ ಹೊರುತ್ತಾನೆ. ಅವರ ಬುಟ್ಟಿಯಲ್ಲಿ ಪ್ರವಾಸಿಯ ಊಟದ ಅಕ್ಕಿ, ಎಣ್ಣೆ, ತಂಪುಪಾನೀಯ ಇವೆ. ವಸತಿಗೃಹದಲ್ಲಿ ಬಿಸಿ ಊಟ ಸಿಗುವುದರಿಂದಲೇ ಚಾರಣಿಗನ ಚೀಲ ಹಗುರವಾಗಿದೆ. ಆ ಊಟ ಬೆಟ್ಟಕ್ಕೆ ನಡೆದು ಬಂದದ್ದು ಯಾರ ಕಾಲಿನಿಂದ ಎಂದು ತಕ್ಕಡಿ ಕೇಳದು.

ಮಲೆನಾಡಿನಲ್ಲಿ ರೂಪ ಬೇರೆ, ತರ್ಕ ಒಂದೇ. ಕುದುರೆಮುಖದ ಬುಡದ ಹಳ್ಳಿಯ ತನಕ ಜೀಪು, ಹಳ್ಳಿಯ ಮನೆಯಲ್ಲಿ ಊಟ, ವಸತಿ. ಚೀಲ ಹಗುರ. ಅಲ್ಲಿಂದ ಮುಂದೆ ಬೆಳ್ಳಿಬಣ್ಣದ ಪೊಟ್ಟಣಗಳು. ಹಗುರ ಆಹಾರವೆಂದರೆ ನೀರು ತೆಗೆದು ಒಣಗಿಸಿದ್ದು. ಅದನ್ನು ತೇವದಿಂದ ಕಾಪಾಡಲು ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರಗಳನ್ನು ಅಂಟಿಸಿದ ಹೊದಿಕೆ. ಈ ಪದರಗಳನ್ನು ಬೇರ್ಪಡಿಸಿ ಮರುಬಳಸುವುದು ದುಸ್ತರವಾದ್ದರಿಂದ ಗುಜರಿಯವನೂ ಮುಟ್ಟುವುದಿಲ್ಲ. 2022ರ ಜುಲೈ 1ರಿಂದ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲೂ ಇದು ಇಲ್ಲ. ಅಡುಗೆಗೆ ತರುವ ಪುಟ್ಟ ಗ್ಯಾಸ್ ಡಬ್ಬಿ ಮತ್ತೆ ತುಂಬಿಸಲೆಂದು ಮಾಡಿದ್ದಲ್ಲ. ಮರಳುವ ಹಾದಿಯಲ್ಲಿ ಖಾಲಿ ಡಬ್ಬಿ, ಖಾಲಿ ಪೊಟ್ಟಣ ಚಾರಣಿಗನಿಗೆ ಸತ್ತ ಭಾರ. ಅದು ಬಂಡೆಯ ಸಂದಿಗೋ, ಊಟ ಕೊಟ್ಟ ಮನೆಯ ಹಿತ್ತಲಿಗೋ ಸೇರುತ್ತದೆ. ಕಸದ ಗಾಡಿ ಬಾರದ ಊರಿನಲ್ಲಿ ಮನೆಯಾಕೆ ಅದನ್ನು ಬಚ್ಚಲ ಒಲೆಗೆ ಹಾಕುತ್ತಾಳೆ. ಹೊಗೆ ಕುಡಿಯುವವರು ಆ ಮನೆಯ ಮಕ್ಕಳು.

ಎದುರುವಾದಕ್ಕೆ ಉತ್ತರ

ಇಷ್ಟನ್ನು ಹೇಳಿದಾಗ ಮೂರು ಎದುರುಮಾತು ಬರುತ್ತವೆ. ಮೂರರಲ್ಲೂ ಹುರುಳಿದೆ.

ಮೊದಲನೆಯದು: ಹಗುರ ಚೀಲದಿಂದ ವಯಸ್ಸಾದವರು, ಮಂಡಿನೋವಿನವರು, ಸಣ್ಣ ಮೈಕಟ್ಟಿನವರು ಬೆಟ್ಟ ಕಾಣುವಂತಾಗಿದೆ. ಇದು ಸತ್ಯ. ಗೇಟ್‌ವುಡ್ ಅಜ್ಜಿಯ ಜೋಳಿಗೆಯೇ ಅದಕ್ಕೆ ಸಾಕ್ಷಿ. ಆದರೆ ಆ ಜೋಳಿಗೆಯೇ ಇನ್ನೊಂದಕ್ಕೂ ಸಾಕ್ಷಿ: ಹಗುರವಾಗಲು ಹಾಯಿದೋಣಿಯ ಬಟ್ಟೆ ಬೇಕಿಲ್ಲ. ಒಯ್ಯುವ ಸಾಮಾನಿನಲ್ಲಿ ಎರಡು ಕಿಲೋ ಬಿಟ್ಟುಬಂದವನಿಗೆ ಚೀಲದಲ್ಲಿ ಮುನ್ನೂರು ಗ್ರಾಂ ಉಳಿಸುವ ಹಂಗಿಲ್ಲ.

ಎರಡನೆಯದು: ಬೆಟ್ಟದವರೇನು ಪ್ಲಾಸ್ಟಿಕ್ ಬಳಸುವುದಿಲ್ಲವೇ? ಬಳಸುತ್ತಾರೆ. ಗೊರಬು ನೇಯುವವರು ವಿರಳವಾದರು. ಕಂಬಳಿಕೊಪ್ಪೆಯ ಜಾಗಕ್ಕೆ ಪ್ಲಾಸ್ಟಿಕ್ ಕೊಪ್ಪೆ ಬಂದಿದೆ. ನೆನೆದ ಕಂಬಳಿಯ ಭಾರ ಹೊತ್ತು ನಾಟಿ ಮಾಡಿದವರು ಅದನ್ನು ಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಗಳಿಗೆಗೊಮ್ಮೆ ಹಳೆಯದನ್ನು ಕೊಂಡಾಡುವುದರಿಂದ ಯಾರ ಹೊರೆಯೂ ಇಳಿಯುವುದಿಲ್ಲ. ಆದರೆ ವ್ಯತ್ಯಾಸ ಗಮನಿಸಬೇಕು. ಇನ್ನೂರು ಗ್ರಾಮಿಗೂ ಕಡಿಮೆ ತೂಗುವ, 45 ಕಿಲೋ ಯೂರಿಯಾ ಹೊತ್ತು ಬಂದ ಗೊಬ್ಬರದ ಚೀಲ ಮಲೆನಾಡಿನ ನಿಜವಾದ ಅತಿಹಗುರ ಚೀಲ. ಅದು ಅಡಿಕೆ ತುಂಬುತ್ತದೆ, ದರಕು ಹೊರುತ್ತದೆ, ಕೊಟ್ಟಿಗೆಯ ಕಿಂಡಿ ಮುಚ್ಚುತ್ತದೆ, ಕೊನೆಗೆ ಒರಸುಬಟ್ಟೆಯಾಗಿ ಹೊಸಿಲ ಮುಂದೆ ಬೀಳುತ್ತದೆ. ಬಿಸಿಲಿಗೆ ಪುಡಿಯಾಗಿ ತೋಟದ ಮಣ್ಣು ಸೇರುವ ಅದರ ಎಳೆಯೂ ಪ್ಲಾಸ್ಟಿಕ್ಕೇ. ಅದಕ್ಕೆ ಮಲೆನಾಡಿಗರೇ ಉತ್ತರ ಹೇಳಬೇಕು. ಆದರೆ ಅದು ಬಂದದ್ದು ಅಗತ್ಯದಿಂದ, ಬಳಕೆಯಾದದ್ದು ಹರಿಯುವ ತನಕ. ಫ್ಯಾಶನ್ ಬದಲಾಯಿತೆಂದು ಗೊಬ್ಬರದ ಚೀಲವನ್ನು ಯಾರೂ ಎಸೆಯಲಿಲ್ಲ.

ಮೂರನೆಯದು: ಚಾರಣಿಗರಿಂದ ಹಳ್ಳಿಗೆ ಕಾಸು ಬರುತ್ತದೆ. ಬರುತ್ತದೆ, ಬರಲಿ. ಅಡಿಕೆಗೆ ರೋಗ ಬಿದ್ದ ವರ್ಷ ಹೋಂಸ್ಟೇಯ ಒಂದು ಕೋಣೆ ಮನೆ ನಡೆಸಿದ ಉದಾಹರಣೆಗಳಿವೆ. ಚಾರಣಿಗನನ್ನು ಶತ್ರುವಾಗಿಸುವುದು ಬೇಡ. ಬೆಟ್ಟ ಕಂಡವನೇ ನಾಳೆ ಬೆಟ್ಟದ ಪರ ನಿಲ್ಲುವವನು. ಬೇಕಿರುವುದು ನ್ಯಾಯವಾದ ತೂಕ.

ಬೆಟ್ಟದ ತಕ್ಕಡಿ

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ಬುಡದಲ್ಲಿ ಚಾರಣಿಗರು ಮುಗಿಬಿದ್ದರು. ಅದರ ಬೆನ್ನಿಗೆ ಸರ್ಕಾರ ಮುಂಗಡ ನೋಂದಣಿಯಿಲ್ಲದ ಚಾರಣಗಳನ್ನು ನಿಲ್ಲಿಸಿ, ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆಯ ಗಣಕ ನೋಂದಣಿಯನ್ನು ತಂದು, ಒಂದು ಹಾದಿಗೆ ದಿನಕ್ಕೆ 300 ಮಂದಿ ಎಂಬ ಮಿತಿ ಹಾಕಿತು. ತಲೆ ಎಣಿಸುವುದು ಒಳ್ಳೆಯ ಆರಂಭ. ಆದರೆ ಮುನ್ನೂರು ತಲೆಗಳು ಮೇಲೆ ಏರಿಸಿದ್ದೆಷ್ಟು, ಇಳಿಸಿದ್ದೆಷ್ಟು?

ಬೇರೆ ಬೆಟ್ಟಗಳ ಅನುಭವ ಕಣ್ಣ ಮುಂದಿದೆ. ನೇಪಾಳ 2014ರಲ್ಲಿ ಎವರೆಸ್ಟ್ ಏರುವ ಪ್ರತಿಯೊಬ್ಬನೂ ಎಂಟು ಕಿಲೋ ಕಸ ಕೆಳಗೆ ತರಬೇಕೆಂದೂ ತಪ್ಪಿದರೆ ತಂಡದ 4,000 ಡಾಲರ್ ಠೇವಣಿ ಮುಟ್ಟುಗೋಲೆಂದೂ ನಿಯಮ ಮಾಡಿತು. ಕೆಳಗಿನ ಶಿಬಿರಗಳ ಕಸ ಬಂದಿತು. ನೋಡುವವರಿಲ್ಲದ ಮೇಲಿನ ಶಿಬಿರಗಳ ಕಸ ಬಹಳಷ್ಟು ಅಲ್ಲೇ ಉಳಿಯಿತು. ನೀಲಗಿರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಸೂಚನೆಯಂತೆ 2022ರ ಮೇ ತಿಂಗಳಿಂದ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ಬಾಟಲಿ ಮರಳಿಸಿದವರಿಗೆ ಅದನ್ನು ಹಿಂದಿರುಗಿಸುವ ಪದ್ಧತಿ ಬಂದಿತು. ಬಾಟಲಿಗಳು ಮರಳಿದವು. ಪಾಠ ಸರಳ: ಠೇವಣಿ ಸಣ್ಣದಿರಲಿ, ಎಣಿಕೆ ಪ್ರತಿಯೊಂದಕ್ಕೂ ಇರಲಿ, ಎಣಿಸುವವರು ಸ್ಥಳದಲ್ಲೇ ಇರಲಿ.

ಮಲೆನಾಡಿನ ಪ್ರತಿ ಹಾಲಿನ ಡೇರಿಯಲ್ಲಿ ತೂಕ, ಅಳತೆಯ ಸಾಧನವಿದೆ. ಪ್ರತಿ ಅಡಿಕೆ ಮಂಡಿಯಲ್ಲಿ ಕಾಟವಿದೆ. ಅಂಥದ್ದೊಂದು ತಕ್ಕಡಿ ಚಾರಣದ ಬಾಗಿಲಲ್ಲಿ ತೂಗಲಿ. ಏರುವಾಗ ಚೀಲದಲ್ಲಿನ ಪೊಟ್ಟಣ, ಬಾಟಲಿ, ಗ್ಯಾಸ್ ಡಬ್ಬಿಗಳನ್ನು ಎಣಿಸಿ ಚೀಟಿ ಬರೆಯಲಿ. ಇಳಿಯುವಾಗ ಖಾಲಿಯಾದವನ್ನೂ ಸೇರಿಸಿ ಅಷ್ಟೂ ಎಣಿಸಲಿ. ಕೊರತೆ ಬಿದ್ದರೆ ಠೇವಣಿ ಅಲ್ಲಿಯ ಗ್ರಾಮ ಪಂಚಾಯತಿಗೆ ಸಲ್ಲಲಿ. ಈ ಕೆಲಸವನ್ನು ಆಯಾ ಹಳ್ಳಿಯ ಯುವಕ ಯುವತಿಯರಿಗೆ ಸಂಬಳ ಕೊಟ್ಟು ವಹಿಸಲಿ. ತಂದ ಕಸವನ್ನು ತಂದವರೇ ಪೇಟೆಗೆ ಒಯ್ಯಲಿ. ಇದನ್ನು ಕೇಳುವ ಜಾಗ ಗ್ರಾಮಸಭೆ. ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ಈ ಬೇಡಿಕೆ ದಾಖಲಾಗದಿದ್ದರೆ ಇಲಾಖೆಯನ್ನು ದೂರಿ ಫಲವಿಲ್ಲ.

ಚೀಲ ಪರೀಕ್ಷಿಸುವವರಿಗೂ ಬೆಟ್ಟದ ಕಡೆಯಿಂದ ಐದು ಪ್ರಶ್ನೆಗಳಿವೆ. ಈ ಚೀಲ ಎಷ್ಟು ಮಳೆಗಾಲ ಬಾಳುತ್ತದೆ? ಹರಿದರೆ ಶೃಂಗೇರಿಯ, ಸೋಮವಾರಪೇಟೆಯ ದರ್ಜಿ ಹೊಲಿದು ಕೊಡಬಲ್ಲನೇ? ನೀರು ಜಾರಿಸಲು ಬಳಿದದ್ದೇನು? ಸತ್ತ ಮೇಲೆ ತಯಾರಕ ಅದನ್ನು ಮರಳಿ ಪಡೆಯುತ್ತಾನೆಯೇ? ಇದನ್ನು ಹೊತ್ತವನು ಹಗುರವಾಗಲು ಬೇರೆ ಯಾರು ಭಾರ ಹೊರಬೇಕು? ಈ ಐದಕ್ಕೆ ಉತ್ತರವಿಲ್ಲದ ವರದಿ ಪರೀಕ್ಷೆಯಲ್ಲ, ಜಾಹೀರಾತು.

ವಿದ್ಯಾರ್ಥಿಗಳಿಗೆ ಇದು ಪುಸ್ತಕದ ಪಾಠವೂ ಅಲ್ಲ. ಶಾಲೆಯ ತಕ್ಕಡಿಯಲ್ಲಿ ಒಂದು ದಿನ ತಮ್ಮ ಚೀಲಗಳನ್ನು ಒಣಗಿದ್ದಾಗ ಒಮ್ಮೆ, ಮಳೆಯಲ್ಲಿ ನೆನೆದು ಬಂದಾಗ ಒಮ್ಮೆ ತೂಗಿ ಬರೆದಿಡಬಹುದು. ಚಾರಣದ ಹಾದಿಯಲ್ಲಿ ಒಂದು ಭಾನುವಾರ ಬಿದ್ದದ್ದನ್ನೆಲ್ಲ ಹೆಕ್ಕಿ, ಯಾವ ಕಂಪನಿಯದು ಎಷ್ಟೆಂದು ವಿಂಗಡಿಸಬಹುದು. ಹಿಮಾಲಯದ ರಾಜ್ಯಗಳಲ್ಲಿ 2018ರಿಂದ ಶಾಲಾಮಕ್ಕಳೂ ಸೇರಿ ಇಂಥ ಎಣಿಕೆ ನಡೆಸುತ್ತ ಬಂದಿದ್ದಾರೆ. ಸಿಕ್ಕಿದ್ದರಲ್ಲಿ ಹೆಚ್ಚಿನದು ತಿಂಡಿಯ ಪೊಟ್ಟಣಗಳೇ. ಲೆಕ್ಕ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಸೊಪ್ಪಿನ ಹೊರೆ ಹೊತ್ತು ಬೆಟ್ಟ ಇಳಿಯುವ ಹೆಂಗಸು ದಾರಿಯಲ್ಲಿ ಅದನ್ನು ಕಟ್ಟೆಯ ಮೇಲೆ ಇಳಿಸಿ, ಸಿಂಬೆ ಸರಿಪಡಿಸಿ, ಮತ್ತೆ ತಾನೇ ಹೊತ್ತು ನಡೆಯುತ್ತಾಳೆ. ದಾರಿಹೋಕರು ಯಾರಾದರೂ ಎತ್ತಿ ತಲೆಗೆ ಏರಿಸಲು ಕೈ ಕೊಡುತ್ತಾರೆ, ಅಷ್ಟೆ. ತನ್ನ ಹೊರೆಯನ್ನು ಇನ್ನೊಬ್ಬರ ಗದ್ದೆಯಲ್ಲಿ ಕೆಡವಿ ‘ಹಗುರವಾದೆ’ ಎಂದು ಆಕೆ ಹೇಳಿಕೊಳ್ಳುವುದಿಲ್ಲ. ಬೆಟ್ಟಕ್ಕೆ ಬರುವ ಅತಿಥಿಯಿಂದ ಬೆಟ್ಟದವರು ಕೇಳುವುದೂ ಇಷ್ಟನ್ನೇ.